ಕೆಂಪು ಐದು, ಕಪ್ಪು ಒಂದು, ಎರಡು ಬಣ್ಣದ ಹತ್ತು: ನಾಣ್ಯದ ಬಣ್ಣ ಮತ್ತು ಟಂಕಸಾಲೆ ತಪ್ಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನನ್ನದೊಂದು ದಿನಸಿ ಅಂಗಡಿ. ನಾಣ್ಯ ಕೂಡಿಡುವ ಹುಚ್ಚು ಹಳೆಯದು. ಗಲ್ಲಾಪೆಟ್ಟಿಗೆ ಪಕ್ಕ ಒಂದು ಭೂತಗನ್ನಡಿ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಏಲಕ್ಕಿ ತೂಗುವ ಪುಟ್ಟ ತಕ್ಕಡಿ ಯಾವಾಗಲೂ ಇರುತ್ತವೆ. ಹಾಗಾಗಿ ಬೇಳೆ ತಗೊಳ್ಳೋಕೆ ಬಂದವರು ಜೇಬಿನಿಂದ ಒಂದು ನಾಣ್ಯ ತೆಗೆದು "ಅಣ್ಣ, ಇದು ನೋಡಿ, ಬಣ್ಣನೇ ಬೇರೆ ಇದೆ" ಅನ್ನುವುದು ಮಾಮೂಲು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದಲೂ ಫೋಟೋ ಬರುತ್ತವೆ. ಒಂದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡುವುದು? ಎಲ್ಲವನ್ನೂ ಇಲ್ಲಿ ಬರೆದು ಹಾಕಿದ್ದೇನೆ.

ನನ್ನ ಹತ್ತಿರ ಇರುವ 5 ರೂಪಾಯಿ ನಾಣ್ಯ ಕೆಂಪಗಿದೆ. ಇದು ಮಿಂಟ್ ಎರರ್ (ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲೇ ಆದ ತಪ್ಪು) ಅಲ್ವಾ?

ಅಲ್ಲ. ಬೇಜಾರು ಮಾಡ್ಕೋಬೇಡಿ. ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ.

ಹೋದ ಶ್ರಾವಣದಲ್ಲಿ ಪಕ್ಕದ ಬೀದಿಯ ಹುಡುಗ ಒಂದು 5 ರೂಪಾಯಿ ತಂದ. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ಇಟ್ಟಿಗೆ ಕೆಂಪು. ತೂಗಿದೆ, ಸರಿಯಾಗಿ 6 ಗ್ರಾಂ. ಭೂತಗನ್ನಡಿ ಕೆಳಗೆ ಇಟ್ಟಾಗ ಗುಟ್ಟು ಗೊತ್ತಾಯಿತು. ಸಿಂಹಗಳ ಕಾಲಿನ ಸಂದಿಯಲ್ಲಿ, ಅಕ್ಷರಗಳ ಬುಡದಲ್ಲಿ ಕೆಂಪು ದಪ್ಪಗೆ ಕೂತಿತ್ತು. ಸಿಂಹದ ಎದೆ ಮೇಲೆ, ಅಂಚಿನ ಏಣಿನ ಮೇಲೆ ಕೆಳಗಿನ ಹಳದಿ ಲೋಹ ಇಣುಕುತ್ತಿತ್ತು. ಲೋಹವೇ ಕೆಂಪಾಗಿದ್ದರೆ ಉಬ್ಬಿಗೂ ತಗ್ಗಿಗೂ ಈ ವ್ಯತ್ಯಾಸ ಯಾಕೆ ಬರಬೇಕು? ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಮೂಲೆಯಲ್ಲಿ ಒತ್ತಿದೆ. ಹತ್ತಿಗೆ ಅಂಟಿದ್ದು ಕೆಂಪಲ್ಲ, ಹಳದಿ! "ಮನೇಲಿ ಆರತಿ ಆಗಿತ್ತೇನೋ?" ಅಂತ ಕೇಳಿದೆ. ಅಕ್ಕನ ಸೀಮಂತ ಆಗಿತ್ತಂತೆ.

ಓಕುಳಿ ನೀರು ಅಂದರೆ ಅರಿಶಿನಕ್ಕೆ ಸುಣ್ಣ ಬೆರೆಸಿದ್ದು. ಅರಿಶಿನ ಸುಣ್ಣಕ್ಕೆ ಕೆಂಪಾಗುತ್ತದೆ, ಹುಳಿಗೆ ಮತ್ತೆ ಹಳದಿಗೆ ತಿರುಗುತ್ತದೆ. ಸೋಪಿನ ನೀರಿಗೂ ಹಾಗೆಯೇ ಕೆಂಪಾಗುತ್ತದೆ. ಆರತಿ ತಟ್ಟೆಗೆ ಹಾಕಿದ ಕಾಸು ರಾತ್ರಿಯಿಡೀ ಅದರಲ್ಲೇ ನೆನೆದರೆ ಇನ್ನೇನಾಗಬೇಕು? ದೇವಸ್ಥಾನದ ಹುಂಡಿಯಿಂದ ಬರುವ ಚಿಲ್ಲರೆಯಲ್ಲೂ ಇದೇ ಕಥೆ. ಕುಂಕುಮ, ಎಣ್ಣೆ, ಹೂವಿನ ರಸ ಎಲ್ಲ ಸೇರಿಕೊಂಡಿರುತ್ತವೆ.

ಇನ್ನೊಂದು ಬಗೆಯ ಕೆಂಪು ಇದೆ. ಈಗಿನ 5 ರೂಪಾಯಿ ನಿಕ್ಕೆಲ್ ಹಿತ್ತಾಳೆಯದು, ಅದರಲ್ಲಿ ತಾಮ್ರ ಮತ್ತು ಸತು ಇರುತ್ತವೆ. ಒದ್ದೆ ಮಣ್ಣಿನಲ್ಲೋ ಹುಳಿ ಪದಾರ್ಥದಲ್ಲೋ ಬಹಳ ದಿನ ಇದ್ದರೆ ಮೇಲ್ಪದರದ ಸತು ಕರಗಿ ತಾಮ್ರ ಉಳಿಯುತ್ತದೆ. ಆಗ ನಾಣ್ಯ ಗುಲಾಬಿಗೆಂಪಾಗಿ ಕಾಣುತ್ತದೆ. ಇದು ತೊಳೆದರೂ ಹೋಗುವುದಿಲ್ಲ. ಆದರೂ ಟಂಕಸಾಲೆಯ ತಪ್ಪಲ್ಲ, ಮಣ್ಣಿನ ಕೆಲಸ.

ಹಾಗಾದರೆ ಟಂಕಸಾಲೆ ತಪ್ಪು ಅಂದರೆ ಯಾವುದು?

ನಾಣ್ಯ ಹೇಗೆ ಆಗುತ್ತದೆ ಅಂತ ಒಮ್ಮೆ ಮನಸ್ಸಿಗೆ ತಂದುಕೊಂಡರೆ ಅರ್ಧ ಪ್ರಶ್ನೆಗೆ ನೀವೇ ಉತ್ತರ ಹೇಳುತ್ತೀರಿ. ಲೋಹದ ಉದ್ದನೆ ಪಟ್ಟಿಯಿಂದ ದುಂಡನೆ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಚಕ್ಕುಲಿ ಜೊತೆ ಮಾಡುವ ನಿಪ್ಪಟ್ಟಿಗೆ ಡಬ್ಬಿ ಮುಚ್ಚಳದಲ್ಲಿ ಒತ್ತಿ ಬಿಲ್ಲೆ ತೆಗೆಯುತ್ತಾರಲ್ಲ, ಹಾಗೆಯೇ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ, ತೊಳೆಯುತ್ತಾರೆ, ಅಂಚನ್ನು ಸ್ವಲ್ಪ ಎಬ್ಬಿಸುತ್ತಾರೆ. ಆಮೇಲೆ ಬಿಲ್ಲೆ ಒಂದು ಬಳೆಯೊಳಗೆ ಕೂರುತ್ತದೆ. ಆ ಬಳೆಗೆ ಕಾಲರ್ ಅನ್ನುತ್ತಾರೆ. ಮೇಲಿನಿಂದ ಒಂದು ಅಚ್ಚು, ಕೆಳಗಿನಿಂದ ಒಂದು ಅಚ್ಚು. ಒಂದೇ ಏಟಿಗೆ ಎರಡೂ ಮುಖ, ಅಂಚು ಎಲ್ಲ ಮೂಡುತ್ತವೆ.

ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಎಡವಟ್ಟು ಆಗಿದ್ದರೆ ಮಾತ್ರ ಅದು ಟಂಕಸಾಲೆ ತಪ್ಪು. ಹೊರಗೆ ಬಂದ ಮೇಲೆ ಆದದ್ದೆಲ್ಲ ಬರೀ ಗಾಯ. ನಾಣ್ಯ ಕೈಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಆ ಯಂತ್ರದೊಳಗೆ ಆಗೋಕೆ ಸಾಧ್ಯನಾ? ಅರಸೀಕೆರೆ ಕಡೆಯಿಂದ ಒಬ್ಬರು ಅಗಲವಾಗಿ ಹರಡಿದ, ಅಕ್ಷರವೆಲ್ಲ ಎಳೆದಂತೆ ಕಾಣುವ 1 ರೂಪಾಯಿ ತಂದಿದ್ದರು. ಕಾಲರ್ ಇಲ್ಲದೆ ಏಟು ಬಿದ್ದರೂ ನಾಣ್ಯ ಅಗಲವಾಗುತ್ತದೆ ನಿಜ, ಆದರೆ ಚಿತ್ರ ಚಪ್ಪಟೆಯಾಗುವುದಿಲ್ಲ. ಇದು ರೈಲು ಹಳಿ ಮೇಲೆ ಇಟ್ಟು ಚಪ್ಪಟೆ ಮಾಡಿದ್ದು!

ಟಂಕಸಾಲೆಯಲ್ಲೇ ಬಣ್ಣ ತಪ್ಪುವುದು ಇಲ್ಲವೇ ಇಲ್ವಾ?

ಇದೆ. ಮುಖ್ಯವಾದದ್ದು ಬೇರೆ ಮುಖಬೆಲೆಯ ಬಿಲ್ಲೆ ಮೇಲೆ ಅಚ್ಚು ಬೀಳುವುದು. ಒಂದು ನಾಣ್ಯದ ಬಿಲ್ಲೆಗಳಿದ್ದ ತೊಟ್ಟಿಯಲ್ಲಿ ಒಂದೆರಡು ಉಳಿದುಕೊಂಡು ಇನ್ನೊಂದರ ಜೊತೆ ಬೆರೆತರೆ ಹೀಗಾಗುತ್ತದೆ. ಆಗ ಬಣ್ಣ ಒಂದೇ ಅಲ್ಲ, ತೂಕವೂ ಬದಲಾಗಿರುತ್ತದೆ. ಬಹುಪಾಲು ಸಲ ಅಳತೆಯೂ ಬೇರೆ, ಅಂಚಿನ ಅಕ್ಷರ ಅರ್ಧ ಕತ್ತರಿಸಿರುತ್ತದೆ. ಬಣ್ಣ ಬೇರೆ, ಉಳಿದದ್ದೆಲ್ಲ ಸರಿ ಅಂದರೆ ನನಗೆ ಮೊದಲು ಅನುಮಾನ ಬರುತ್ತದೆ.

ಕುಲುಮೆಯಲ್ಲಿ ಜಾಸ್ತಿ ಹೊತ್ತು ಇದ್ದ ಬಿಲ್ಲೆ ಕಪ್ಪು ಛಾಯೆಯಲ್ಲಿ ಹೊರಬರುವುದೂ ಉಂಟು. ಅದನ್ನು ಮನೆಯ ಒಲೆಯಲ್ಲಿ ಬಿದ್ದ ನಾಣ್ಯದಿಂದ ಬೇರೆ ಮಾಡಿ ತೋರಿಸುವುದು ಬಲು ಕಷ್ಟ. ನಾನು ಅಂಥದ್ದಕ್ಕೆ ದುಡ್ಡು ಹಾಕುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡೋದು ಹೇಗೆ?

ತಕ್ಕಡಿ, ಅಯಸ್ಕಾಂತ. ಇವೆರಡು ಸಾಕು. ತಕ್ಕಡಿ ಗ್ರಾಮಿನ ನೂರನೇ ಒಂದು ಭಾಗ ತೋರಿಸುವಂಥದ್ದಿರಲಿ.

ಅಯಸ್ಕಾಂತದ ವಿಷಯ ಸ್ವಲ್ಪ ಮಜಾ ಇದೆ. 1 ರೂಪಾಯಿಯನ್ನೇ ತಗೊಳ್ಳಿ. 1962ರಿಂದ 1974ರವರೆಗಿನದು ಅಪ್ಪಟ ನಿಕ್ಕೆಲ್, 10 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ. 1975ರಿಂದ 1991ರವರೆಗೆ ತಾಮ್ರ-ನಿಕ್ಕೆಲ್ ಮಿಶ್ರಣ, ಅಂಟುವುದಿಲ್ಲ. 1992ರಿಂದ ಸ್ಟೀಲ್, ಮತ್ತೆ ಅಂಟುತ್ತದೆ. ಈ ಸ್ಟೀಲಿನಲ್ಲಿ 83 ಭಾಗ ಕಬ್ಬಿಣ, 17 ಭಾಗ ಕ್ರೋಮಿಯಂ. 1992ರ ನಂತರದ 1 ರೂಪಾಯಿ ಅಂಟದೇ ಇದ್ದರೆ ಆಗ ನನ್ನ ಅಂಗಡಿಗೆ ಬನ್ನಿ, ಟೀ ನಾನೇ ಕೊಡಿಸ್ತೀನಿ.

ತೂಕಗಳು ಬಾಯಿಪಾಠ ಬೇಡ. ಇಷ್ಟು ಸಾಕು: 2011ರಿಂದ ಬಂದ ಸರಣಿಯಲ್ಲಿ (2019ರ ಹೊಸ ಸರಣಿಯ ತೂಕ ಬೇರೆ) 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85, 5 ರೂಪಾಯಿ 6, 10 ರೂಪಾಯಿ 7.71. ಇದಕ್ಕೂ ಹಿಂದಿನ ಸ್ಟೀಲ್ 1 ರೂಪಾಯಿ 4.85 ಗ್ರಾಂ, 25 ಮಿಲಿಮೀಟರ್. ಅಂದರೆ 2011ರ ಸರಣಿಯ 2 ರೂಪಾಯಿ ಹಳೇ 1 ರೂಪಾಯಿಯಷ್ಟೇ ಇದೆ. "2 ರೂಪಾಯಿ ಚಿಕ್ಕದಾಗಿದೆ, ಎರರ್ ಇರಬೇಕು" ಅಂತ ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಸರ್ಕಾರವೇ ಚಿಕ್ಕದು ಮಾಡಿದ್ದು ಸ್ವಾಮಿ.

ಬಿಳಿ ಬಣ್ಣದ 5 ರೂಪಾಯಿ, ಹಳದಿ ಬಣ್ಣದ ಒಂದಾಣೆ ಸಿಕ್ಕಿದೆ. ಇವು?

ಇಸವಿ ನೋಡಿ. 5 ರೂಪಾಯಿ 1992ರಿಂದ ತಾಮ್ರ-ನಿಕ್ಕೆಲ್ ಮಿಶ್ರಣದಲ್ಲಿ ಬಂತು, ದಪ್ಪಗೆ, 9 ಗ್ರಾಂ. 2007, 2008ರಲ್ಲಿ ಸ್ಟೀಲಿನದು ಬಂತು. ಆಮೇಲೆ ಹಳದಿ. ಹಾಗಾಗಿ 2007ರ ಬಿಳಿ 5 ರೂಪಾಯಿ ಮಾಮೂಲಿ ನಾಣ್ಯ. 2015ರದ್ದು ಬಿಳಿಯಾಗಿ ಬಂದಿದ್ದರೆ ಅಯಸ್ಕಾಂತ, ತಕ್ಕಡಿ ಎರಡೂ ಹೊರಗೆ ತೆಗೆಯಿರಿ.

ಆಣೆಯದು ಯುದ್ಧದ ಕಥೆ. ಎರಡನೇ ಮಹಾಯುದ್ಧದಲ್ಲಿ ನಿಕ್ಕೆಲ್ ಅಭಾವ ಆಗಿ 1942ರಿಂದ 1945ರವರೆಗೆ ಒಂದಾಣೆ, ಎರಡಾಣೆ ನಿಕ್ಕೆಲ್ ಹಿತ್ತಾಳೆಯಲ್ಲಿ ಬಂದವು. 1946ರಲ್ಲಿ ಮತ್ತೆ ಬಿಳಿ. ಬೆಳ್ಳಿ ರೂಪಾಯಿಗೂ ಅದೇ ಗತಿ. 1940ರಿಂದ ಅದರಲ್ಲಿ ಅರ್ಧದಷ್ಟು ಮಾತ್ರ ಬೆಳ್ಳಿ, 1946-47ರ ಹೊತ್ತಿಗೆ ಬೆಳ್ಳಿಯೇ ಇಲ್ಲ, ಬರೀ ನಿಕ್ಕೆಲ್. ಅಜ್ಜಿ ಪೆಟ್ಟಿಗೆಯ 1947ರ ರೂಪಾಯಿಯನ್ನು ಬೆಳ್ಳಿ ಅಂದುಕೊಂಡು ತಂದವರ ಮುಂದೆ ಅದನ್ನು ಅಯಸ್ಕಾಂತಕ್ಕೆ ಅಂಟಿಸಿ ತೋರಿಸುವುದು ನನಗೂ ಸಂಕಟವೇ.

10 ಪೈಸೆಯಂತೂ ಊಸರವಳ್ಳಿ. ಮೊದಲು ತಾಮ್ರ-ನಿಕ್ಕೆಲ್, 1968ರಿಂದ ಹಳದಿ ಹಿತ್ತಾಳೆ, 1971ರಿಂದ ಹಗುರ ಅಲ್ಯೂಮಿನಿಯಂ, 1988ರಿಂದ ಪುಟಾಣಿ ಸ್ಟೀಲ್. ಆ ಹಿತ್ತಾಳೆ 10 ಪೈಸೆಯ ಕಾಲದ, ಕಮಲದ ಹೂವಿನ 20 ಪೈಸೆ ನೆನಪಿದೆಯಾ? ಅದರಲ್ಲಿ ಚಿನ್ನ ಇದೆ ಅಂತ ನಮ್ಮಮ್ಮ ಲಕ್ಷ್ಮಿ ಪೂಜೆಗೆ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಚಿನ್ನ ಇಲ್ಲ, ಹಿತ್ತಾಳೆ. ಅಮ್ಮನಿಗೆ ಹೇಳಲಿಲ್ಲ.

ಪೂರ್ತಿ ಕಪ್ಪಾಗಿದೆ. ಕಾಮನಬಿಲ್ಲಿನ ಬಣ್ಣವೂ ಇದೆ.

ಬೆಳ್ಳಿ ಆಗಿದ್ದರೆ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ಪದರ ತೆಳ್ಳಗಿದ್ದಾಗ ನೀಲಿ, ನೇರಳೆ, ಚಿನ್ನದ ಬಣ್ಣ ಆಡುತ್ತವೆ. ನಿಧಾನವಾಗಿ ತಾನಾಗೇ ಬಂದ ಅಂಥ ಬಣ್ಣವನ್ನು ಇಷ್ಟಪಟ್ಟು ಕೊಳ್ಳುವವರಿದ್ದಾರೆ. ನಾಣ್ಯದ ನಡುವೆ ಅಡ್ಡಕ್ಕೆ ಒಂದೇ ಕಪ್ಪು ಗೆರೆ ಇದ್ದರೆ ಅದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಗುರುತು. ರಬ್ಬರಿನಲ್ಲೂ ಗಂಧಕ ಇದೆ.

ಸ್ಟೀಲ್ ನಾಣ್ಯಕ್ಕೆ ನೀಲಿ, ನೇರಳೆ ಬಂದಿದ್ದರೆ ಬೆಂಕಿ ಕಂಡಿದೆ ಅಂತ ಅರ್ಥ. ಹಂಡೆ ಒಲೆ, ಕಸದ ಬೆಂಕಿ. ಕೊಪ್ಪ, ಶೃಂಗೇರಿ ಕಡೆಯಿಂದ ಬಂದ ನಾಣ್ಯಗಳಲ್ಲಿ ಅಡಿಕೆ ಚೊಗರಿನ ಕಂದು ಪೊರೆ ನೋಡಿದ್ದೇನೆ. ಅಡಿಕೆ ಸುಲಿದ ಕೈಯಲ್ಲಿ ಚಿಲ್ಲರೆ ಎಣಿಸಿದರೆ ಸಾಕು.

ಚಿನ್ನದ ಬಣ್ಣದ 1 ರೂಪಾಯಿ?

ಮೇಲೆ ಚಿನ್ನದ ಬಣ್ಣದ ಲೇಪ (ಮುಲಾಮು) ಹಾಕಿಸಿದ್ದು. ಮದುವೆಯಲ್ಲಿ ಧಾರೆಗೆ, ಕಾಣಿಕೆಗೆ ಅಂತ ಮಾಡಿಸುತ್ತಾರೆ. ಅಯಸ್ಕಾಂತಕ್ಕೆ ಅಂಟುತ್ತದೆ, ಅಂಚಿನಲ್ಲಿ ಸವೆದು ಬಿಳಿ ಕಾಣುತ್ತದೆ. ತಾಮ್ರದ ಕಾಸು ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಯಾರೋ ಪಾದರಸ ಉಜ್ಜಿದ್ದಾರೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.

ತೊಳೆಯಬಹುದಾ?

ಬೇಡ. ಬೇಡವೇ ಬೇಡ.

ನಾನು ಕಲಿತದ್ದು ಕೆಟ್ಟ ದಾರಿಯಲ್ಲಿ. ಚಿಕ್ಕಮಗಳೂರಿನ ಅತ್ತೆ ಮನೆಯಿಂದ 1918ರ ಒಂದು ಬೆಳ್ಳಿ ರೂಪಾಯಿ ಬಂದಿತ್ತು. ರಾಜನ ಗಡ್ಡದ ಸುತ್ತ ತೆಳು ನೇರಳೆ, ಅಂಚಿಗೆ ಹೋಗುತ್ತಾ ಜೇನಿನ ಬಣ್ಣ. ಆಗ ನನಗೆ ಅದು ಕೊಳೆ ಅನ್ನಿಸಿತು. ಹುಣಸೆಹಣ್ಣು, ಬೂದಿ ಹಾಕಿ ತಂಬಿಗೆ ತಿಕ್ಕಿದ ಹಾಗೆ ತಿಕ್ಕಿದೆ. ಫಳಫಳ ಅಂತು. ಮಾರನೇ ವಾರ ಬೆಂಗಳೂರಿನಲ್ಲಿ ನಾಣ್ಯದ ವ್ಯಾಪಾರಿಯೊಬ್ಬರಿಗೆ ತೋರಿಸಿದರೆ ದೀಪದ ಕೆಳಗೆ ಓರೆ ಮಾಡಿ ಹಿಡಿದು, "ಈ ಗೀರುಗಳು ನೋಡಿ, ಇನ್ನು ಇದಕ್ಕೆ ಬೆಳ್ಳಿ ರೇಟು ಅಷ್ಟೇ" ಅಂದರು. ಈಗಲೂ ಆ ನಾಣ್ಯ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಯಾರಾದರೂ ಹುಣಸೆಹಣ್ಣಿನ ಮಾತೆತ್ತಿದರೆ ತೆಗೆದು ತೋರಿಸುತ್ತೇನೆ.

ಮಣ್ಣಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಉಜ್ಜದೆ ಮೆತ್ತನೆ ಬಟ್ಟೆ ಮೇಲೆ ಒತ್ತಿ ಒಣಗಿಸಿ. ಸ್ಟಿಕ್ಕರಿನ ಅಂಟು ಇದ್ದರೆ ಅಂಟು ಕರಗಿಸುವ ಅಸಿಟೋನ್ ದ್ರವ ಬಳಸಿ, ಅದು ಲೋಹಕ್ಕೆ ಏನೂ ಮಾಡುವುದಿಲ್ಲ, ಆದರೆ ದೀಪ, ಒಲೆ ದೂರ ಇರಲಿ. ಹಸಿರು ಕಿಲುಬು ಹಿಡಿದ ತಾಮ್ರದ ಕಾಸನ್ನು ಕೆರೆಯಬೇಡಿ, ಕೆಳಗಿನ ಚಿತ್ರವೂ ಎದ್ದು ಬರುತ್ತದೆ. (ಮೊದಲು ಹೇಳಿದ ನಿಂಬೆರಸದ ಪರೀಕ್ಷೆ 5 ರೂಪಾಯಿ ಬೆಲೆಯ ನಾಣ್ಯಕ್ಕೆ ಮಾತ್ರ. ಹಳೆಯದಕ್ಕೆ ಮಾಡಿ ನನ್ನನ್ನು ಬೈಯಬೇಡಿ.)

10 ರೂಪಾಯಿಯ ನಡುವಿನ ಬಿಲ್ಲೆ ತಿರುಗಿದೆ. ಎರಡು ಬಣ್ಣ ಅದಲು ಬದಲಾಗಿದೆ ಅಂತಲೂ ಹೇಳ್ತಾರೆ.

10 ರೂಪಾಯಿಯಲ್ಲಿ ಸುತ್ತಿನ ಬಳೆ ಹಳದಿ, ನಡುವಿನ ಬಿಲ್ಲೆ ಬಿಳಿ. ಬಳೆಯೊಳಗೆ ಬಿಲ್ಲೆ ಕೂರಿಸಿ ಒಂದೇ ಏಟಿಗೆ ಅಚ್ಚು ಹಾಕುತ್ತಾರೆ. ಅಚ್ಚು ಬೀಳುವ ಮೊದಲು ಬಿಲ್ಲೆ ಹೇಗೆ ತಿರುಗಿದ್ದರೇನು, ಚಿತ್ರ ಎರಡರ ಮೇಲೂ ಒಟ್ಟಿಗೇ ಮೂಡುತ್ತದೆ. ಹಾಗಾಗಿ ಬಳೆಯ ಮೇಲಿನ ಗೆರೆ ನಡುವಿನ ಗೆರೆಗೆ ಕೂಡದೇ ಇದ್ದರೆ, ಆಮೇಲೆ ಯಾರೋ ಬಿಲ್ಲೆ ಹೊರಗೆ ಬಡಿದು ಮತ್ತೆ ಸೇರಿಸಿದ್ದಾರೆ. ಸಂದಿಯಲ್ಲಿ ಸುತ್ತಿಗೆ ಗುರುತು ಹುಡುಕಿ, ಸಿಗುತ್ತದೆ. ನಿಜವಾದ ತಪ್ಪಿನಲ್ಲಿ ಬಿಲ್ಲೆ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದು ಬಳೆಯ ಮೇಲೆ ಹರಡಿಕೊಂಡಿರುತ್ತದೆ, ಚಿತ್ರ ಮಾತ್ರ ಮುರಿಯದೆ ಸಾಗಿರುತ್ತದೆ.

ಬಣ್ಣ ಅದಲು ಬದಲಾದ "ಹತ್ತು" ಅಂತ ತರುವುದು ಸಾಮಾನ್ಯವಾಗಿ 20 ರೂಪಾಯಿ! ಅದು ಹೊರಗೆ ಬಿಳಿ, ಒಳಗೆ ಹಳದಿ, ಹನ್ನೆರಡು ಮೂಲೆ, 8.54 ಗ್ರಾಂ. ಅಂಕಿ ನೋಡಿದರೆ ಮುಗಿಯಿತು.

ಗೆರೆ 10 ಇದೆ, 15 ಇದೆ, ರೂಪಾಯಿ ಚಿಹ್ನೆ ಇಲ್ಲ, ಹೀಗೆಲ್ಲ ಕೇಳುವವರಿಗೆ: ಎಲ್ಲವೂ ಸರಿಯಾದವೇ. 10 ರೂಪಾಯಿಯ ಅಲ್ಲಿಯವರೆಗಿನ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ, ಅದಕ್ಕೂ ಹಿಂದಿನ ನಾಣ್ಯದ ಮೇಲೆ ಎಲ್ಲಿಂದ ಬರಬೇಕು?

ಒಂದು ಕಡೆ ಇಲಿ ಕಚ್ಚಿದ ಹಾಗೆ ಅರ್ಧಚಂದ್ರ ಕತ್ತರಿಸಿದೆ.

ಇದು ನಿಜವಾದದ್ದೂ ಇರಬಹುದು. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಇನ್ನೊಂದು ಏಟು ಬಿದ್ದು ಇಂಥ ಬಿಲ್ಲೆ ಹುಟ್ಟುತ್ತದೆ. ಪರೀಕ್ಷೆ ಸೊಗಸಾಗಿದೆ. ಕತ್ತರಿಸಿದ ಜಾಗದ ಸರಿ ಎದುರಿನ ಅಂಚು ನೋಡಿ. ಅಂಚು ಎಬ್ಬಿಸುವಾಗ ಒಂದು ಕಡೆ ಖಾಲಿ ಇದ್ದರೆ ಎದುರುಗಡೆ ಒತ್ತಡ ಸಿಗುವುದಿಲ್ಲ. ಅಲ್ಲಿ ಅಂಚು ಮಂಕಾಗಿ, ಕರಗಿದ ಹಾಗೆ ಇರುತ್ತದೆ. ನನ್ನ ಹತ್ತಿರ ಒಂದು 2 ರೂಪಾಯಿ ಹೀಗಿದೆ. ಹಾಲಿನವನು ಕೊಟ್ಟ ಚಿಲ್ಲರೆಯಲ್ಲಿ ಸಿಕ್ಕಿದ್ದು. ಕತ್ತರಿಸಿದ ಕಡೆ ಅಕ್ಷರಗಳು ಆ ಖಾಲಿ ಜಾಗದತ್ತ ನೂಕಿದಂತೆ ಸ್ವಲ್ಪ ಹರಡಿವೆ, ಎದುರು ಅಂಚು ಉಗುರಿಗೆ ತಾಗುವುದೇ ಇಲ್ಲ. ಅರ ಹಾಕಿ ಮಾಡಿದ್ದರೆ ಎದುರಿನ ಅಂಚು ಗಟ್ಟಿಮುಟ್ಟಾಗಿರುತ್ತದೆ, ಕತ್ತರಿಸಿದ ಜಾಗದಲ್ಲಿ ಗೀರು ಇರುತ್ತವೆ.

ಹಿಂದಿನ ಮುಖ ತಲೆಕೆಳಗಾಗಿದೆ.

ನಾಣ್ಯದ ತಲೆ ಮತ್ತು ಬುಡವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲು ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯದಲ್ಲಿ ಎರಡೂ ಮುಖ ನೆಟ್ಟಗೆ ಕಾಣಬೇಕು. ವಾಲಿದ್ದರೆ ಅಚ್ಚು ತಿರುಗಿದೆ ಅಂತ. ಸ್ವಲ್ಪ ವಾಲಿದ್ದು ಬೇಕಾದಷ್ಟು ಸಿಗುತ್ತವೆ. ಪೂರ್ತಿ ತಲೆಕೆಳಗಾದದ್ದು ಎತ್ತಿಡಿ.

ಎರಡೂ ಕಡೆ ಒಂದೇ ಚಿತ್ರ, ಒಂದು ಕಡೆ ಕನ್ನಡಿಯಲ್ಲಿ ಕಂಡ ಹಾಗೆ ಒಳಕ್ಕೆ ತಗ್ಗಿದೆ.

ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದರೆ ಮುಂದಿನ ಬಿಲ್ಲೆಗೆ ಅದರ ಬೆನ್ನೇ ಅಚ್ಚಾಗುತ್ತದೆ. ಒಳ್ಳೆಯ ತಪ್ಪು ಇದು. ಆದರೆ ಎರಡು ನಾಣ್ಯ ಸೇರಿಸಿ ವೈಸಿನಲ್ಲಿ (ವರ್ಕ್‌ಶಾಪಿನ ಬಿಗಿಯುವ ಇಕ್ಕಳ) ಬಿಗಿದರೂ ತಗ್ಗು ಬೀಳುತ್ತದೆ. ಹಾಗೆ ಮಾಡಿದ್ದರಲ್ಲಿ ಮೊದಲಿದ್ದ ಚಿತ್ರದ ಅವಶೇಷ ತಗ್ಗಿನ ಕೆಳಗೆ ಕಾಣುತ್ತದೆ.

ಇಸವಿ ಕೆಳಗೆ ಗುರುತೇ ಇಲ್ಲ!

ಕೋಲ್ಕತ್ತ ಟಂಕಸಾಲೆಯದ್ದು, ಅದಕ್ಕೆ ಗುರುತು ಇರುವುದಿಲ್ಲ. ವಜ್ರದ ಗುರುತು ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ. 1985ರ 1 ರೂಪಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಇದ್ದರೆ ಅದು ಇಂಗ್ಲೆಂಡಿನಲ್ಲಿ, 1988ರ 25 ಪೈಸೆಯಲ್ಲಿ ಸಿ ಇದ್ದರೆ ಕೆನಡಾದಲ್ಲಿ ಮಾಡಿಸಿದ್ದು. ತಪ್ಪಲ್ಲ.

ನಡುವೆ ತೂತಿದೆ.

1943ರಿಂದ 1947ರೊಳಗಿನ ತೂತು ಕಾಸಾದರೆ ಅದು ಹುಟ್ಟಿದ್ದೇ ತೂತಿನೊಂದಿಗೆ. ಬೇರೆ ನಾಣ್ಯವಾದರೆ ಯಾರೋ ಉಡಿದಾರಕ್ಕೆ ಪೋಣಿಸಿದ್ದಾರೆ. ಅಂಚಿನಲ್ಲಿ ಸಣ್ಣ ಉಬ್ಬು ಇದ್ದರೆ ಕಾಸಿನ ಸರದ ಬೆಸುಗೆ ಕಿತ್ತ ಜಾಗ.

ಲಕ್ಷ ರೂಪಾಯಿ ಕೊಡ್ತೀವಿ ಅಂತ ಫೋನ್ ಬಂದಿದೆ. ಮೊದಲು ಸ್ವಲ್ಪ ಫೀಸು ಕಟ್ಟಬೇಕಂತೆ.

ಕಟ್ಟಬೇಡಿ. ಹಳೇ ನಾಣ್ಯ, ನೋಟು ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಫೀಸು, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅನುಮತಿ ಕೊಟ್ಟಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷ ಅನ್ನುವ ವಿಡಿಯೋ ನೋಡಿ ಎಷ್ಟು ಜನ ಓಡಿ ಬಂದಿದ್ದಾರೋ. ಕೊಳ್ಳುವವನು ದುಡ್ಡು ಕೊಡಬೇಕು, ನಿಮ್ಮಿಂದ ಯಾಕೆ ಕೇಳ್ತಾನೆ?

ಸರಿ, ನಿಜವಾದ ತಪ್ಪಿಗೆ ಎಷ್ಟು ಸಿಗುತ್ತದೆ? ಕಣ್ಣಿಗೆ ಹೊಡೆಯುವಂತಿದ್ದು, ಇಸವಿ ಕಾಣುವಂತಿದ್ದರೆ ಆಸೆಪಟ್ಟು ಕೊಳ್ಳುತ್ತಾರೆ. ಭೂತಗನ್ನಡಿ ಹಿಡಿದು ಹುಡುಕಬೇಕಾದ ಸಣ್ಣ ಗೆರೆಗೆ ಮುಖಬೆಲೆಗಿಂತ ಹೆಚ್ಚು ಸಿಗುವುದು ಕಷ್ಟ.

ಕಾಫಿ ತೋಟದಲ್ಲಿ ಗುಂಡಿ ತೋಡುವಾಗ ಹಳೇ ನಾಣ್ಯಗಳು ಸಿಕ್ಕಿವೆ.

ಒಂದೆರಡು ಪೈಸೆ ಬಿದ್ದದ್ದು ಸಿಕ್ಕರೆ ಬೇರೆ ಮಾತು. ಮಡಕೆಯಲ್ಲಿ ಹೂತದ್ದಾದರೆ ಅದು ನಿಧಿ. ಅದಕ್ಕೆ ಅಂತಲೇ 1878ರ ಕಾಯಿದೆ ಇದೆ, ಕರ್ನಾಟಕದ್ದು 1962ರದ್ದೂ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ್ದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಯ್ಸಳರ ಸೀಮೆಯಲ್ಲಿ ಇದ್ದೇವೆ, ಈ ಪ್ರಶ್ನೆ ಸುಮ್ನೆ ಬರುವುದಿಲ್ಲ.

ಮಳೆಗಾಲದಲ್ಲಿ ಹೇಗೆ ಇಡೋದು?

ಮಲೆನಾಡಿನ ಥಂಡಿಗೆ ಎಲ್ಲ ಲೋಹವೂ ಬಣ್ಣ ಬದಲಿಸುತ್ತದೆ. ಪಿವಿಸಿ ಪುಟಗಳ ಆಲ್ಬಂ ಬೇಡ, ಕೆಲ ವರ್ಷಕ್ಕೆ ಹಸಿರು ಜಿಗುಟು ಬಿಡುತ್ತದೆ. ನಡುವೆ ತೆಳು ಹಾಳೆ ಇರುವ ಚೌಕ ರಟ್ಟಿನ ಕವರು ಸಿಗುತ್ತದೆ, ಅದರಲ್ಲಿ ಇಟ್ಟು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಅದೂ ಒಳಗಿರಲಿ. ಮುಟ್ಟುವಾಗ ಅಂಚು ಹಿಡಿಯಿರಿ.

ಫೋಟೋ ಕಳಿಸಿದರೆ ನೋಡ್ತೀರಾ?

ನೋಡ್ತೀನಿ. ಎರಡೂ ಮುಖ, ಅಂಚು, ಜೊತೆಗೆ ಅದೇ ಮುಖಬೆಲೆಯ ಮಾಮೂಲಿ ನಾಣ್ಯ ಒಂದು ಪಕ್ಕದಲ್ಲಿ. ಹಗಲು ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಒಂದು ಬಣ್ಣ, ಹಳದಿ ಬಲ್ಬಿನಲ್ಲಿ ಇನ್ನೊಂದು ಬಣ್ಣ ಬರುತ್ತದೆ, ಅದರಿಂದಲೇ ಅರ್ಧ "ಎರರ್" ಹುಟ್ಟುವುದು. ತೂಕ ಬರೆಯಿರಿ, ಅಯಸ್ಕಾಂತಕ್ಕೆ ಅಂಟಿತಾ ಇಲ್ವಾ ಬರೆಯಿರಿ. ಮನೆಯಲ್ಲಿ ಈಚೆಗೆ ಆರತಿ ಆಗಿದ್ದರೆ ಅದನ್ನೂ ಬರೆಯಿರಿ.